ಇಂಡಿಕೇಟರ್‌ಗೆ ಹೋಳಿಗೆ ಬಡಿಸಿದ್ದು

ಹಿಂದಿನ ಎರಡು ಇಂಡಿಕೇಟರ್ ಬಲ್ಬು ಕಿತ್ತು ಎಲ್‌ಇಡಿ ಹಾಕಿದ ದಿನ ನಮ್ಮ ಹಳೆಯ ಮಾರುತಿ 800ಕ್ಕೆ ಜ್ವರ ಬಂದ ಹಾಗಾಯಿತು. ಇಷ್ಟು ವರ್ಷ ಟಿಕ್... ಟಕ್... ಎಂದು ಎಲೆ ಅಡಿಕೆ ಮೆಲ್ಲುವವರ ಹಾಗೆ ಸಾವಕಾಶವಾಗಿ ಬಡಿದುಕೊಳ್ಳುತ್ತಿದ್ದದ್ದು ಟಿಕ್‌ಟಕ್‌ಟಿಕ್‌ಟಕ್ ಎಂದು ಓಡತೊಡಗಿತು. ಡ್ಯಾಶ್‌ಬೋರ್ಡಿನ ಹಸಿರು ಬಾಣಕ್ಕೆ ಉಸಿರಾಡಲೂ ಪುರುಸೊತ್ತಿಲ್ಲ. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಗಡಿಯಾರ ಇಟ್ಟುಕೊಂಡು ಎಣಿಸಲು ಕೂತೆ. 150 ದಾಟಿದ ಮೇಲೆ ನನ್ನ ಲೆಕ್ಕವೇ ತಪ್ಪಿತು.

"ಹೊಸ ಬಲ್ಬು, ಹುರುಪು ಜಾಸ್ತಿ ಇರತ್ತೆ ಬಿಡಿ" ಎಂದಳು ಹೆಂಡತಿ.

ಹುರುಪಲ್ಲ, ಗಾಬರಿ. ಇದು ಅರ್ಥವಾಗಲು ನನಗೆ ನಮ್ಮ ಅಜ್ಜಿ ಬೇಕಾಯಿತು.

ಅಜ್ಜಿಗೆ ಪಂಕ್ತಿಯಲ್ಲಿ ಕೂತವರು ಎಷ್ಟು ತಿನ್ನುತ್ತಾರೆ ಎಂಬುದರ ಮೇಲೇ ಕಣ್ಣು. ರಜೆಗೆ ಹೋದಾಗ ನಾನು ಒಂದು ಹೋಳಿಗೆಗೆ ಕೈ ತೊಳೆಯಲು ಎದ್ದರೆ ಮುಗಿಯಿತು. "ಯಾಕೋ, ಹುಷಾರಿಲ್ವೇನೋ? ಗುಬ್ಬಚ್ಚಿ ಕುಕ್ಕಿದ ಹಾಗೆ ತಿಂತೀಯಲ್ಲೋ!" ಹೊಟ್ಟೆ ತುಂಬಿದೆ ಎಂದರೆ ಕೇಳುವವರು ಯಾರು? ಕಮ್ಮಿ ತಿಂದೆ ಅಂದರೆ ಕಾಯಿಲೆ, ಅಷ್ಟೇ.

ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕೂತು ಟಿಕ್ ಟಕ್ ಅನ್ನುವ ಫ್ಲ್ಯಾಶರ್ ಇದೆಯಲ್ಲ, ಬೆಂಕಿಪೊಟ್ಟಣದಷ್ಟಿರುವ ಡಬ್ಬಿ, ಅದೂ ಇದೇ ಜಾತಿಯದು. ದೀಪ ಹತ್ತಿಸಿ ಆರಿಸುವುದಷ್ಟೇ ಅದರ ಕೆಲಸವಲ್ಲ. ಎಷ್ಟು ಕರೆಂಟ್ ಹೋಗುತ್ತಿದೆ ಎಂದೂ ನೋಡುತ್ತಿರುತ್ತದೆ. 21 ವ್ಯಾಟ್‌ನ ತಂತಿ ಬಲ್ಬು ಒಂದೂಮುಕ್ಕಾಲು ಆಂಪಿಯರ್ ನುಂಗುತ್ತದೆ. ಬಲ್ಬು ಸುಟ್ಟುಹೋದರೆ ಅಷ್ಟೂ ಕಮ್ಮಿಯಾಗುತ್ತದೆ. ಸ್ಟೀರಿಂಗ್ ಹಿಡಿದು ಕೂತವನಿಗೆ ಹಿಂದಿನ ದೀಪ ಕಾಣುವುದಿಲ್ಲವಲ್ಲ, ಅದಕ್ಕೇ ಫ್ಲ್ಯಾಶರ್ ಬಡಬಡ ಮಿನುಗಿಸಿ ಸುದ್ದಿ ಮುಟ್ಟಿಸುತ್ತದೆ. ನಾನು ತಂದ ಎಲ್‌ಇಡಿಗೆ 2 ವ್ಯಾಟ್ ಸಾಕು. ಗುಬ್ಬಚ್ಚಿ ಕುಕ್ಕಿದ ಹಾಗೆ.

ಅಜ್ಜಿಯ ಕಾಟಕ್ಕೆ ನಾನು ಕಂಡುಕೊಂಡ ದಾರಿ ಸೋದರಮಾವ. ಅಜ್ಜಿ ಸಾರಿನ ಪಾತ್ರೆಗೆ ತಿರುಗಿದ ಕೂಡಲೇ ನನ್ನ ಎಲೆಯ ಹೋಳಿಗೆ ಮಾವನ ಎಲೆಗೆ ಹೋಗುತ್ತಿತ್ತು. ಕಾರಿನ ಮಾವನಿಗೆ ಲೋಡ್ ರೆಸಿಸ್ಟರ್ ಅಂತ ಹೆಸರು. ಎಸ್‌.ಪಿ. ರೋಡಿನಲ್ಲಿ ಎರಡು ಕೊಂಡೆ. ಬೆರಳುದ್ದ, ಬಂಗಾರದ ಬಣ್ಣ, ಮೈತುಂಬ ಗೀರು ಗೀರು, ಎರಡು ಮೂಲೆಯಲ್ಲಿ ತಿರುಪಿಗೆ ತೂತು. ಮೈಮೇಲೆ 50 ವ್ಯಾಟ್ (ಅದು ತಡೆದುಕೊಳ್ಳುವ ಮಿತಿ), 6 ಓಮ್ ಎಂದು ಬರೆದಿದೆ. 12 ವೋಲ್ಟನ್ನು 6ರಿಂದ ಭಾಗಿಸಿದರೆ 2 ಆಂಪಿಯರ್. ಹಳೆ ಬಲ್ಬಿಗಿಂತ ಒಂದು ತುತ್ತು ಜಾಸ್ತಿಯೇ.

ಜೋಡಿಸುವುದು ಸುಲಭ. ರೆಸಿಸ್ಟರಿನ ಒಂದು ವೈರು ಇಂಡಿಕೇಟರ್ ವೈರಿಗೆ, ಇನ್ನೊಂದು ಅರ್ತ್‌ಗೆ, ಅಂದರೆ ಕಾರಿನ ತಗಡಿನ ಮೈಗೆ. ಪ್ಲಸ್ ಮೈನಸ್ ತಲೆಬಿಸಿ ಇಲ್ಲ, ಹೇಗೆ ಕೊಟ್ಟರೂ ನಡೆಯುತ್ತದೆ. ಒಂದೇ ಎಚ್ಚರ, ಬಲ್ಬಿಗೆ ಹೋಗುವ ದಾರಿಗೆ ಅಡ್ಡ ಹಾಕಬಾರದು. ಮಾವ ಕೂರಬೇಕಾದದ್ದು ನನ್ನ ಪಕ್ಕದಲ್ಲಿ. ಅಜ್ಜಿಗೂ ನನಗೂ ನಡುವೆ ಕೂತರೆ ನನಗೇ ಊಟ ಇಲ್ಲ.

ನಾನು ಕೆಟ್ಟದ್ದು ಆಮೇಲೆ. ಡಿಕ್ಕಿಯೊಳಗೆ ವೈರಿನ ಗೊಂಚಲಿಗೇ ರೆಸಿಸ್ಟರನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದು, ಹಝಾರ್ಡ್ ಲೈಟ್ ಹಾಕಿ, ಟಿಕ್... ಟಕ್... ಎಂಬ ಹಳೆಯ ರಾಗ ಕೇಳುತ್ತಾ ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಒಂಥರಾ ಕಮಟು ವಾಸನೆ. ಟ್ಯಾಗು ಮೆತ್ತಗಾಗಿ ಜೋತುಬಿದ್ದಿತ್ತು. ಸುಮ್ನೆ ಇರದೆ ಮುಟ್ಟಿ ನೋಡಿದೆ. ತೋರುಬೆರಳಿನ ತುದಿಯಲ್ಲಿ ಆ ಗೀರುಗಳು ಮೂರು ದಿನ ಹಾಗೇ ಇದ್ದವು.

ಜೆ.ಸಿ. ರೋಡಿನ ಎಲೆಕ್ಟ್ರಿಷಿಯನ್ ನನ್ನ ಬೆರಳು ನೋಡಿ ನಕ್ಕ. "ಇದು ಹೀಟರ್ ಸಾರ್. ಕಬ್ಬಿಣಕ್ಕೆ ಕಟ್ಬೇಕು, ಪ್ಲಾಸ್ಟಿಕ್‌ಗಲ್ಲ." ತಾನೇ ಡಿಕ್ಕಿಯ ಒಳಗೋಡೆಗೆ ತೂತು ಕೊರೆದು ತಿರುಪು ಹಾಕಿ ಕೂರಿಸಿದ. ಅರ್ತ್ ಕೊಡುವ ಕಡೆ ಮಾತ್ರ ಎಮರಿ ಪೇಪರಿನಲ್ಲಿ ಬಣ್ಣ ಉಜ್ಜಿ ಬಿಳಿ ತಗಡು ಕಾಣಿಸಿದ. ವೈರುಗಳನ್ನು ರೆಸಿಸ್ಟರಿನ ಮೈಗೆ ತಾಗದ ಹಾಗೆ ಆಚೆ ಸರಿಸಿದ. ಈಗ ಅದರ ಬಿಸಿ ಇಡೀ ತಗಡಿಗೆ ಹಂಚಿಹೋಗುತ್ತದೆ.

ಕರೆಂಟ್ ಉಳಿಸುವ ದೀಪ ತಂದೆ. ಉಳಿದದ್ದನ್ನು ಸುಡಲು ಇನ್ನೊಂದು ಸಾಮಾನು ತಂದೆ. ಎಲ್‌ಇಡಿಯ 2, ರೆಸಿಸ್ಟರಿನ 24, ಒಟ್ಟು 26 ವ್ಯಾಟ್. ಮೊದಲಿದ್ದದ್ದು 21. ಎಂಜಿನ್ ಓಡುವಾಗ 14 ವೋಲ್ಟ್ ಬಂದರೆ ರೆಸಿಸ್ಟರ್ ಒಂದೇ 32 ದಾಟುತ್ತದೆ. ಈ ಲೆಕ್ಕ ಹೆಂಡತಿಗೆ ಹೇಳಿಲ್ಲ.

"ಫ್ಲ್ಯಾಶರ್ರೇ ಬದಲಾಯಿಸ್ಬಿಡಿ ಸಾರ್, ಎಲ್‌ಇಡಿಗೇ ಅಂತ ಬರತ್ತೆ" ಎಂದಿದ್ದ ಅವನು. ಅದು ಯಾರು ಎಷ್ಟು ತಿಂದರು ಅಂತ ನೋಡುವುದಿಲ್ಲ. ತನ್ನ ಪಾಡಿಗೆ ತಾಳ ಹಾಕುತ್ತಿರುತ್ತದೆ. ಖರ್ಚೂ ಕಮ್ಮಿ, ಬಿಸಿಯೂ ಇಲ್ಲ. ಬುದ್ಧಿ ಇದ್ದವರು ಅದನ್ನೇ ಹಾಕಿಸಬೇಕು. ನನಗೇಕೋ ಮನಸ್ಸು ಬರಲಿಲ್ಲ. ಕಾಳಜಿ ಮಾಡುವವರನ್ನು ಕಿತ್ತುಹಾಕಿ, ಏನೂ ಕೇಳದವರನ್ನು ತಂದು ಕೂರಿಸುವುದೇ?

ಹಾಗೆಂದು ನಾನೇನು ಸಾಚಾ ಅಲ್ಲ. ನಾಳೆ ಎಲ್‌ಇಡಿ ಸತ್ತರೂ ರೆಸಿಸ್ಟರ್ ತನ್ನ ಪಾಲು ನುಂಗುತ್ತಲೇ ಇರುತ್ತದೆ. ಫ್ಲ್ಯಾಶರ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಲೆ ಖಾಲಿಯಾಗಿದೆಯಲ್ಲ, ಮೊಮ್ಮಗ ಪಂಕ್ತಿಯಲ್ಲೇ ಇಲ್ಲ ಎಂದು ಅಜ್ಜಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಈಗ ರಾತ್ರಿ ಮನೆಗೆ ಬಂದಾಗ ಕಾರನ್ನು ಹಿಮ್ಮುಖವಾಗಿ ಕಾಂಪೌಂಡಿನ ಗೋಡೆಗೆ ನಿಲ್ಲಿಸುತ್ತೇನೆ. ಎಡಕ್ಕೆ ಹಾಕಿ ಕನ್ನಡಿಯಲ್ಲಿ ನೋಡುತ್ತೇನೆ. ಸುಣ್ಣದ ಗೋಡೆಯ ಮೇಲೆ ಕಿತ್ತಳೆ ಬೆಳಕು ಬಂದು ಹೋಗುತ್ತದೆ. ಆಮೇಲೆ ಬಲಕ್ಕೆ.