ಬೂಟ್ ಹರಿದಿದ್ದಕ್ಕೆ ಆಕ್ಸಲ್ಲೇ ಗುಜರಿಗಾ?

ಹಳೇ ಮಾರುತಿ 800, ಝೆನ್, ಆಲ್ಟೊ, ಸ್ಯಾಂಟ್ರೊ ಇಟ್ಕೊಂಡು ಓಡಾಡ್ತಿರೋ ತುಮಕೂರಿನ ಗೆಳೆಯರಿಗೆ ಈ ಬರಹ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಹತ್ರ "ಕಟ ಕಟ ಕಟ" ಅಂತ ಸದ್ದು ಬಂದ್ರೆ ಸಾಕು, "ಎರಡೂ ಕಡೆ ಆಕ್ಸಲ್ ಸೆಟ್ ಹಾಕ್ಸಿಬಿಡಿ ಸಾರ್" ಅನ್ನೋದು ಈಗ ಊರಲ್ಲಿ ವಾಡಿಕೆ ಆಗಿಹೋಗಿದೆ. (ಆಕ್ಸಲ್ ಅಂದ್ರೆ ಗೇರ್‌ಬಾಕ್ಸಿಂದ ಚಕ್ರಕ್ಕೆ ಶಕ್ತಿ ಒಯ್ಯೋ ಉಕ್ಕಿನ ಶಾಫ್ಟ್, ಬೂಟ್ ಅಂದ್ರೆ ಅದರ ಜಾಯಿಂಟ್ ಮುಚ್ಚೋ ರಬ್ಬರ್ ಚೀಲ.) ನಾವೂ ಹೂಂ ಅಂತೀವಿ. ನನ್ನ ತಕರಾರು ಇರೋದು ಅಲ್ಲೇ. ಗಾಡಿ ಜೊತೆ ಕಂಪನಿಯಿಂದ ಬಂದ ಆಕ್ಸಲ್ಲನ್ನ ಅಷ್ಟು ಸಲೀಸಾಗಿ ಕೈಬಿಡಬಾರದು.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಇಂಜಿನ್ ಮುಂದೆ ಇದ್ರೂ ಗಾಡಿ ತಳ್ಳೋದು ಹಿಂದಿನ ಚಕ್ರ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರದಿಂದಲೇ ಎಳೆಯೋ ಕಾರು ನಮ್ಮ ಬೀದಿ ಬೀದಿಗೂ ಬಂತು. (ಓಮ್ನಿಯೋರು ನಗಬಹುದು. ಅದೂ ಮಾರುತಿನೇ, ಆದ್ರೆ ಹಿಂದಿನ ಚಕ್ರದ ಗಾಡಿ, ಈ ತಲೆನೋವು ಅವರಿಗಿಲ್ಲ.) ಎಳೆಯೋ ಚಕ್ರವೇ ತಿರುಗಲೂಬೇಕು, ಗುಂಡಿಗೆ ಇಳಿದು ಏಳಲೂಬೇಕು, ಅಷ್ಟಾದ್ರೂ ಇಂಜಿನ್ನಿನ ಶಕ್ತಿ ಜಗ್ಗದಂತೆ ಒಂದೇ ಸಮ ಹೋಗಬೇಕು. ಅದಕ್ಕೇ ಆಕ್ಸಲ್ಲಿನ ಎರಡೂ ತುದಿಗೆ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್, ಅಂದ್ರೆ ಬಾಗಿದ್ರೂ ಒಂದೇ ಸಮ ತಿರುಗೋ ಕೀಲು. ಚಕ್ರದ ಕಡೆ ಇರೋ ಜಾಯಿಂಟಿನಲ್ಲಿ ಆರು ಉಕ್ಕಿನ ಗುಂಡು, ಅವು ಓಡಾಡೋಕೆ ಒಳಗೂ ಹೊರಗೂ ಗಾಡಿ. ಗಾಡಿ ಅಂದ್ರೆ ಕಾರಲ್ಲ, ಕೊರೆದ ಕಾಲುವೆ. ಇದನ್ನ 1920ರ ದಶಕದಲ್ಲಿ ಕಂಡುಹಿಡಿದವನು ಆಲ್ಫ್ರೆಡ್ ಝೆಪ್ಪಾ ಅನ್ನೋ ಇಂಜಿನಿಯರ್. ಹೆಸರು ಕೇಳಿದ್ರೆ ಪಾವಗಡದ ಕಡೆಯೋರು ಅನ್ಸುತ್ತೆ. 1959ರಲ್ಲಿ ಇಂಗ್ಲೆಂಡಿನ ಪುಟ್ಟ ಮಿನಿ ಕಾರು ಬಂದಿದ್ದೂ ಇದೇ ತರದ ಜಾಯಿಂಟಿನ ಮೇಲೆ.

ಈ ಉಕ್ಕು ತಾನಾಗಿ ಸವೆಯೋಕೆ ಬಹಳ ಕಾಲ ಬೇಕು. ಅದನ್ನ ಬೇಗ ಕೊಲ್ಲೋದು ಧೂಳು. ಜಾಯಿಂಟಿನ ಸುತ್ತ ರಬ್ಬರ್ ಬೂಟ್ ಇರುತ್ತೆ, ಒಳಗೆ ಕಪ್ಪು ಗ್ರೀಸ್. ಬೂಟ್ ಬಿರುಕು ಬಿಟ್ಟ ದಿನ ಸದ್ದೇನೂ ಬರಲ್ಲ. ಚಕ್ರ ತಿರುಗಿದ ಹಾಗೆ ಗ್ರೀಸ್ ಆಚೆ ಚಿಮ್ಮುತ್ತೆ, ಆ ಜಾಗಕ್ಕೆ ಮಣ್ಣು ಹೋಗಿ ಕೂರುತ್ತೆ. ಗುಬ್ಬಿ, ತುರುವೇಕೆರೆ ಕಡೆ ತೋಟದ ದಾರೀಲಿ ಓಡಾಡೋರ ಗಾಡಿ ನೋಡಿ, ಒಣಗಿದ ತೆಂಗಿನ ಗರಿ ಮೇಲೆ ಹತ್ತಿಸಿದಾಗ ಕಡ್ಡಿ ಎದ್ದು ಚುಚ್ಚೋದು ಇದೇ ಬೂಟಿಗೆ. ಆಮೇಲೆ ಜಲ್ಲಿ ಪುಡಿ ಉಳಿದ ಕೆಲಸ ಮುಗಿಸುತ್ತೆ. "ಕಟ ಕಟ" ಕೇಳೋ ಹೊತ್ತಿಗೆ ಗುಂಡಿನ ಕಾಲುವೆಯಲ್ಲಿ ಆಗಲೇ ಗುಳಿ ಬಿದ್ದಿರುತ್ತೆ.

ಹಾಗಾಗಿ ಪಂಚರ್ ಹಾಕ್ಸೋಕೆ ಚಕ್ರ ಬಿಚ್ಚಿದಾಗೆಲ್ಲ ಒಂದು ನಿಮಿಷ ಬಗ್ಗಿ. ಚಕ್ರ ನೇರ ಇದ್ದಾಗ ಬೂಟಿನ ಮಡಿಕೆಗಳು ಮುಚ್ಚಿಕೊಂಡು ಹೊಸದರ ತರಾನೇ ಕಾಣುತ್ತೆ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಹಿಗ್ಗಿದ ಕಡೆ ಮಡಿಕೆಯ ತಳಕ್ಕೆ ಬೆರಳು ಹಾಕಿ ಬಿಡಿಸಿ ನೋಡಿ. ಕೂದಲೆಳೆ ಬಿರುಕು ಅಲ್ಲೇ ಇರೋದು. ರಿಮ್ಮಿನ ಒಳಮೈ ಮೇಲೆ ಕಪ್ಪು ಗ್ರೀಸ್ ಗೆರೆ ಎರಚಿದಂಗೆ ಇದ್ರೆ ಬೇರೆ ಸಾಕ್ಷಿ ಬೇಡ. ಸದ್ದು ಶುರುವಾಗಿಲ್ಲ ಅಂದ್ರೆ ಬರೀ ಬೂಟ್ ಬದಲಾಯಿಸಿ, ಹಳೇ ಗ್ರೀಸ್ ಪೂರ್ತಿ ತೊಳೆದು, ಸಿವಿ ಜಾಯಿಂಟಿಗೆ ಅಂತಲೇ ಬರೋ ಮಾಲಿಬ್ಡಿನಂ ಗ್ರೀಸ್ ತುಂಬಿದ್ರೆ ಮುಗೀತು. ಕ್ಲಿಪ್ ಹಾಕ್ಸಿ, ಕಟ್ಟಡದ ಕಂಬಿ ಕಟ್ಟೋ ತಂತಿ ಸುತ್ತೋಕೆ ಬಿಡಬೇಡಿ. ಸೈಕಲ್ ಟ್ಯೂಬ್ ಸುತ್ತಿದ ಬೂಟೂ ನೋಡಿದೀನಿ. ಮನೆ ಮುಟ್ಟೋವರೆಗೆ ಸರಿ.

ಸದ್ದು ಬಂದಿದ್ರೂ ಯಾವುದರ ಸದ್ದು ಅಂತ ಮೊದಲು ಗೊತ್ತಾಗ್ಲಿ. ಜೂನಿಯರ್ ಕಾಲೇಜು ಮೈದಾನದಂತ ಖಾಲಿ ಜಾಗದಲ್ಲಿ ಕಿಟಕಿ ಇಳಿಸಿ, ನಿಧಾನಕ್ಕೆ ಎಂಟು ಹೊಡೀರಿ. ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಜಾಸ್ತಿ ಆದ್ರೆ ಸಾಮಾನ್ಯವಾಗಿ ಬಲಗಡೆ ಹೊರಗಿನ ಜಾಯಿಂಟು, ಬಲಕ್ಕೆ ಆದ್ರೆ ಎಡಗಡೇದು. ನೇರ ರಸ್ತೇಲಿ ವೇಗ ಹೆಚ್ಚಿಸುವಾಗ ಮಾತ್ರ ಗಾಡಿ ನಡುಗಿದ್ರೆ ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್ ಮೇಲೆ ಅನುಮಾನ ಪಡಿ. ವೇಗದ ಜೊತೆ "ಊಂ" ಅಂತ ಏರೋ ಸದ್ದಿಗೆ ಹೆಚ್ಚಾಗಿ ವೀಲ್ ಬೇರಿಂಗ್ ಕಾರಣ. ಅದಕ್ಕೆ ಆಕ್ಸಲ್ ಬದಲಾಯಿಸಿದ್ರೆ ದುಡ್ಡು ದಂಡ.

ಈಗ ನಮ್ಮ ಭಾವನ ಆಲ್ಟೊ ವಿಷ್ಯ. ಬಲಗಡೆ ಬೂಟ್ ಹರಿದಿತ್ತು, ಅಷ್ಟೆ. ಒಂದು ಗ್ಯಾರೇಜಿನಲ್ಲಿ ಪೂರ್ತಿ ಆಕ್ಸಲ್ ಹಾಕಿ ಕಳಿಸಿದ್ರು. ಆಮೇಲಿಂದ ಕ್ಯಾತ್ಸಂದ್ರ ದಾಟಿ ಹೈವೇನಲ್ಲಿ ಎಪ್ಪತ್ತು ಮುಟ್ಟಿತು ಅಂದ್ರೆ ಸ್ಟೇರಿಂಗ್ ನಡುಕ.

"ಹೊಸ ಆಕ್ಸಲ್ ಕಣೋ, ಅದ್ರಲ್ಲೇನು ದೋಷ ಇರುತ್ತೆ?" ಅಂದ್ರು.

"ಹಳೇದು ಎಲ್ಲಿ ಭಾವ?"

"ಎಕ್ಸ್‌ಚೇಂಜ್ ಅಂತ ಅವ್ರೇ ಇಟ್ಕೊಂಡ್ರಲ್ಲ."

ನೋಡಿ, ಇಲ್ಲೇ ಇರೋದು. ಹಳೇದು ಕೈಲಿದ್ದಿದ್ರೆ ಅದಕ್ಕೊಂದು ಹೊಸ ಬೂಟ್ ಹಾಕ್ಸಿ ವಾಪಸ್ ಕೂರಿಸಬಹುದಿತ್ತು. ಇನ್ಯಾರೋ ಬೂಟ್ ಹಾಕಿ, ಬಣ್ಣ ಬಳಿದು, ಮತ್ತೊಬ್ಬರಿಗೆ ಮಾರೋದು ಅಂತ ಆಕ್ಸಲ್ಲನ್ನೇ. ಬಿಲ್ಲು ಕೊಟ್ಟು ಬದಲಾಯಿಸಿಕೊಂಡವರಿಗೆ ಸಿಗೋದು ಹೆಸರಿಲ್ಲದ ಡಬ್ಬಿಯ ಮಾಲು.

ಆಕ್ಸಲ್ ಬದಲಾಯಿಸಲೇಬಾರದು ಅಂತ ನಾನು ಹೇಳ್ತಿಲ್ಲ. ಶಾಫ್ಟ್ ಬಾಗಿದ್ರೆ, ಸ್ಪ್ಲೈನ್ (ಶಾಫ್ಟ್ ತುದಿಯಲ್ಲಿ ಉದ್ದಕ್ಕೆ ಕೊರೆದ) ಹಲ್ಲು ಸವೆದಿದ್ರೆ, ಎರಡೂ ತುದಿ ಜಾಯಿಂಟ್ ಹೋಗಿದ್ರೆ ಬದಲಾಯಿಸಲೇಬೇಕು. ಆದ್ರೆ ಹೊಸದನ್ನ ಹಳೇದರ ಪಕ್ಕ ನೆಲದ ಮೇಲೆ ಇಟ್ಟು ನೋಡಿ ಆಮೇಲೆ ಹಾಕ್ಸಿ. ಉದ್ದ, ಸ್ಪ್ಲೈನಿನ ಹಲ್ಲುಗಳ ಎಣಿಕೆ, ಆಯಿಲ್ ಸೀಲ್ ಕೂರೋ ಜಾಗದ ದಪ್ಪ, ಎಬಿಎಸ್ ಇರೋ ಗಾಡಿ ಆದ್ರೆ ಹೊರಗಡೆಯ ಹಲ್ಲಿನ ಉಂಗುರ. ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಇರೋದ್ರಿಂದ ಎಡಬಲ ಸಾಮಾನ್ಯವಾಗಿ ಒಂದೇ ಉದ್ದ ಇರಲ್ಲ, ಅಂಗಡಿಯಲ್ಲಿ ಅದಲುಬದಲಾಗೋದೂ ಉಂಟು. ಹಳೇ ಮೆಕ್ಯಾನಿಕ್‌ಗಳು ಇನ್ನೊಂದು ಉಪಾಯ ಮಾಡ್ತಿದ್ರು. ಎರಡೂ ಕಡೆ ಹೊರ ಜಾಯಿಂಟ್ ಒಂದೇ ತರ ಇದ್ದು, ಶಾಫ್ಟಿಂದ ಬಿಚ್ಚೋಕೆ ಬಂದ್ರೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕೋರು. ಮುಂದಕ್ಕೆ ಓಡುವಾಗ ಕಾಲುವೆಯ ಒಂದು ಗೋಡೆ ಮಾತ್ರ ಸವೆಯೋದ್ರಿಂದ, ಹಾಗೆ ಬದಲಾಯಿಸಿದ್ರೆ ಸವೆಯದ ಗೋಡೆ ಮೇಲೆ ಭಾರ ಬೀಳುತ್ತೆ. ಈಗ ಅಷ್ಟು ಹೊತ್ತು ಕೂತು ಕೈ ಮಸಿ ಮಾಡ್ಕೊಳ್ಳೋರು ಕಡಿಮೆ. ಅವರ ಮೇಲೂ ತಪ್ಪು ಹೊರಿಸಲಾರೆ. ಬೂಟ್ ಹಾಕೋಕೆ ಹಿಡಿಯೋ ಹೊತ್ತಿನಲ್ಲಿ ಪೂರ್ತಿ ಆಕ್ಸಲ್ ಕೂರಿಸಿ ಮುಗಿಸಬಹುದು, ನಾವು ಬೂಟಿನ ಕೂಲಿಗೂ ಚೌಕಾಸಿ ಮಾಡ್ತೀವಿ.

ಬಿಚ್ಚೋವಾಗ ಪಕ್ಕದಲ್ಲಿ ನಿಂತು ಎರಡು ವಿಷ್ಯ ಗಮನಿಸಿ. ಒಂದು, ಶಾಫ್ಟ್ ಹಿಡಿದು ಜಗ್ಗಬಾರದು. ಜಗ್ಗಿದ್ರೆ ಒಳ ಜಾಯಿಂಟ್ ಬೂಟಿನೊಳಗೇ ಕಳಚಿಕೊಳ್ಳುತ್ತೆ. ಗೇರ್‌ಬಾಕ್ಸಿಗೂ ಜಾಯಿಂಟಿಗೂ ನಡುವೆ ರಾಡ್ ಕೊಟ್ಟು ಮೀಟಿದ್ರೆ ಅದನ್ನ ಹಿಡಿದಿರೋ ಸರ್‌ಕ್ಲಿಪ್ (ಉಂಗುರದಂತ ಕ್ಲಿಪ್) ಬಿಟ್ಟು "ಟಪ್" ಅಂತ ಈಚೆ ಬರುತ್ತೆ, ಜೊತೆಗೆ ಗೇರ್ ಆಯಿಲ್ಲೂ ಸುರಿಯುತ್ತೆ. ಅದೇ ಹೊತ್ತಲ್ಲಿ ಆಯಿಲ್ ಸೀಲ್ ಹೊಸದು ಹಾಕ್ಸಿ, ಚೆಲ್ಲಿದ ಆಯಿಲ್ ವಾಪಸ್ ತುಂಬಿದ್ರಾ ಅಂತ ಕೇಳಿ. ಇನ್ನೊಂದು ಹಬ್ಬಿನ ನಟ್. ಅದು ವೀಲ್ ಬೇರಿಂಗನ್ನೇ ಬಿಗಿಹಿಡಿಯೋ ನಟ್, ಅದಿಲ್ಲದೆ ಗಾಡಿಯ ಭಾರ ಚಕ್ರದ ಮೇಲೆ ಬಿಡಬಾರದು. ಪೈಪು ಸಿಕ್ಕಿಸಿ ಮೈಭಾರ ಹಾಕಿ ಬಿಗಿಯೋದು ಅಂದಾಜಿನ ಕೆಲಸ, ಟಾರ್ಕ್ ಪಾನಾ (ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಪಾನಾ) ಇಟ್ಕೊಂಡಿರೋರನ್ನ ಹುಡುಕಿ.

ಶಿರಾ ಗೇಟ್, ಬಿ.ಎಚ್. ರಸ್ತೆ ಕಡೆ ಬರೀ ಬೂಟ್ ಕೆಲಸ ಮನಸ್ಸಿಟ್ಟು ಮಾಡಿಕೊಡೋರು ಯಾರಾದ್ರೂ ಗೊತ್ತಿದ್ರೆ ಕೆಳಗೆ ಬರೀರಿ. ಭಾವನ ಗಾಡಿಯ ಎಡಗಡೆ ಆಕ್ಸಲ್ ಇನ್ನೂ ಕಂಪನಿದೇ ಇದೆ, ಅದರ ಬೂಟೂ ಬಿರುಕು ಬಿಡೋಕೆ ಶುರುವಾಗಿದೆ.