ಸಂಸ್ಕೃತ, ಕಂಪ್ಯೂಟರ್ ಮತ್ತು ನಾಸಾ: ಒಂದು ಸ್ಪಷ್ಟನೆ

‘ಕಂಪ್ಯೂಟರ್‌ಗೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ನಾಸಾ ಘೋಷಿಸಿದೆ’ ಎಂಬ ಹೇಳಿಕೆ ಮತ್ತೆ ಹರಿದಾಡುತ್ತಿದೆ. ಅಂಥ ಘೋಷಣೆ ಆಗಿಲ್ಲ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ಸಂಶೋಧಕ ರಿಕ್ ಬ್ರಿಗ್ಸ್ 1985ರಲ್ಲಿ ‘ಎಐ ಮ್ಯಾಗಜೀನ್’ಗೆ ಬರೆದ ಲೇಖನವೇ ಇದರ ಮೂಲ, ಅದರಲ್ಲಿ ಅವರು ಚರ್ಚಿಸಿದ್ದು ವಾಕ್ಯಾರ್ಥವನ್ನು ಬಿಡಿಸಿಡುವ ಸಂಸ್ಕೃತ ಶಾಸ್ತ್ರಕಾರರ ವಿಧಾನವನ್ನೇ ಹೊರತು ಪ್ರೋಗ್ರಾಮಿಂಗ್ ಭಾಷೆಯನ್ನಲ್ಲ.

ಸಂಸ್ಕೃತ ವ್ಯಾಕರಣಕಾರ ಪಾಣಿನಿಯ ಸುಮಾರು 4000 ಸೂತ್ರಗಳ ರಚನೆ ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಹೋಲುವುದು ನಿಜ (ಆ ಹಿರಿಮೆಗೆ ನಾಸಾದ ಮುದ್ರೆಯೇನೂ ಬೇಕಿಲ್ಲ). ಆದರೆ ಪಾಣಿನಿ ವಿವರಿಸಿದ್ದು ಆಗಲೇ ಶಿಷ್ಟರ ಬಾಯಲ್ಲಿದ್ದ ಭಾಷೆಯನ್ನು. 1960ರ ಆಲ್ಗಾಲ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳಲ್ಲಾದರೋ ಯಾವುದು ವಾಕ್ಯ, ಯಾವುದಲ್ಲ ಎಂಬುದನ್ನು ವ್ಯಾಕರಣವೇ ಮೊದಲು ಗೊತ್ತುಮಾಡುತ್ತದೆ. ‘ಅವನು ಬಂದಳು’ ಎಂದರೆ ಕೇಳುವವರು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾರೆ. ಆದರೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇಕಾದಲ್ಲಿ ಅರ್ಧವಿರಾಮವೊಂದು (;) ಬಿಟ್ಟುಹೋದರೂ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಪ್ರೋಗ್ರಾಮನ್ನೇ ತಿರಸ್ಕರಿಸುತ್ತದೆ.