ಆದಿವಾಸಿ ಸೆಟ್ಟು, ದಿನಕ್ಕೆ 350 ರೂಪಾಯಿ

ಮಗಳ ಶಾಲೆಯ ವಾಟ್ಸ್ಯಾಪ್ ಗ್ರೂಪಿಗೆ ಮೆಸೇಜ್ ಬಂತು. ವಾರ್ಷಿಕೋತ್ಸವಕ್ಕೆ ಮೂರನೇ ಕ್ಲಾಸಿನವರದು 'ಟ್ರೈಬಲ್ ಡ್ಯಾನ್ಸ್'. ಎಲೆ ಲಂಗ, ಈಟಿ, ಮೂಳೆ ಸರ, ಮುಖಕ್ಕೆ ಕಪ್ಪು ಬಣ್ಣ, ಎಲ್ಲ ಪೋಷಕರೇ ಹೊಂದಿಸಬೇಕು. ಹಾಡು ಯಾವ ಥರದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಡಿಗೆ ಅಂಗಡಿಗೆ ಹೋದೆ. ಗಾಂಧಿ, ಒನಕೆ ಓಬವ್ವ, ಚಂದ್ರಯಾನದ ರಾಕೆಟ್ಟು ಸಾಲಾಗಿ ನೇತಾಡುತ್ತಿದ್ದವು. "ಆದಿವಾಸಿ ಸೆಟ್ಟಾ ಸಾರ್? 350" ಎಂದು ಅಂಗಡಿಯವನು ಒಂದು ಕವರ್ ಎಳೆದ. ಪ್ಲಾಸ್ಟಿಕ್ ಎಲೆ. ಯಾವ ಮರದ್ದೋ ದೇವರಿಗೇ ಗೊತ್ತು, ನಮ್ಮ ಕಡೆಯದ್ದಂತೂ ಅಲ್ಲ. ಈಟಿಯ ತುದಿಗೆ ಬೆಳ್ಳಿ ಪೇಪರ್. "ಯಾವ ಆದಿವಾಸಿಗಳಪ್ಪಾ ಇವರು?" ಎಂದು ಕೇಳಿದೆ. ಪಾಪ ಎನ್ನುವಂತೆ ನನ್ನನ್ನು ನೋಡಿ, "ಪಿಕ್ಚರ್‌ನಲ್ಲಿ ಬರ್ತಾರಲ್ಲ ಸಾರ್, ಅವ್ರು" ಎಂದ.

ನೂರಕ್ಕೆ ನೂರು ನಿಜ. ಈ ಜನ ಪಿಕ್ಚರ್ ಬಿಟ್ಟು ಬೇರೆಲ್ಲೂ ಇಲ್ಲ. ಅವರ ಮೇಲೆ ನನಗೆ ಅಪಾರ ಗೌರವ. ಗೆಡ್ಡೆ ಅಗೆಯುವುದಿಲ್ಲ, ಜೇನು ಕೀಳುವುದಿಲ್ಲ, ರಾಗಿ ಬಿತ್ತುವುದಿಲ್ಲ. ಹೀರೋ ದಾರಿ ತಪ್ಪಿ ಬರಲಿ ಅಂತ ಪೊದೆ ಹಿಂದೆ ಕಾಯುವುದೇ ಕಸುಬು. ಬಂದ ಕೂಡಲೇ ಕಂಬಕ್ಕೆ ಕಟ್ಟಿ ಕೊಪ್ಪರಿಗೆಯಲ್ಲಿ ನೀರು ಕಾಯಿಸುತ್ತಾರೆ. ಆ ಕೊಪ್ಪರಿಗೆ ನನ್ನ ನಿದ್ದೆ ಕೆಡಿಸಿದೆ. ಉಡಲು ಬಟ್ಟೆ ಇಲ್ಲದವರ ಹತ್ತಿರ ಆಳು ಹಿಡಿಯುವ ಕೊಪ್ಪರಿಗೆ ಎಲ್ಲಿಂದ ಬಂತು? ನಮ್ಮ ಗೃಹಪ್ರವೇಶದಲ್ಲಿ ಇನ್ನೂರು ಜನರ ಸಾರಿಗೆ ಅದರ ಅರ್ಧದಷ್ಟರದ್ದು ಸಿಗದೆ ಅಡುಗೆ ಭಟ್ಟರು ಎರಡು ಊರು ಸುತ್ತಿದರು. ತಂದದ್ದೂ ತೂತು. ಕಾಡಿನ ಮಧ್ಯೆ ಇದಕ್ಕೆಲ್ಲ ಕಲಾಯಿ ಹಾಕುವವನು ಯಾರು?

ಇನ್ನು ಭಾಷೆ. ಬರೀ "ಹುರ್ರ್, ಹೂಂಬಾ". ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಆಡುವುದು ಸೋಲಿಗ ನುಡಿ, ನಾಗರಹೊಳೆಯ ಜೇನುಕುರುಬರು ಆಡುವುದು ಜೇನುನುಡಿ. ಎರಡೂ ಕನ್ನಡಕ್ಕೆ ಹತ್ತಿರದ ನೆಂಟರು. ಕಿವಿಗೊಟ್ಟರೆ ನಮಗೂ ಒಂದಷ್ಟು ತಿಳಿಯುತ್ತದೆ. ಅದೇ ತೊಂದರೆ ಇರಬೇಕು. "ಬನ್ನಿ, ಕೂತ್ಕೊಳ್ಳಿ" ಅಂತ ಅರ್ಥವಾಗಿಬಿಟ್ಟರೆ ಹೀರೋನನ್ನು ಕಂಬಕ್ಕೆ ಕಟ್ಟುವುದು ಹೇಗೆ?

ಬಣ್ಣ ಬಳಿಯುವ ಕೆಲಸವನ್ನು ಬಿಳಿಯರು ನಮಗಿಂತ ಮೊದಲೇ ಮಾಡಿದ್ದರು, ಅದೂ ನಮ್ಮ ಮೈಸೂರಿನ ಕತೆಯಲ್ಲಿ. 1937ರ 'ಎಲಿಫೆಂಟ್ ಬಾಯ್' ಎಂಬ ಇಂಗ್ಲಿಷ್ ಸಿನಿಮಾ. ಹುಡುಗ ಸಾಬು ಇಲ್ಲಿನ ಮಾವುತನ ಮಗ. ಆನೆ ಇಲ್ಲಿಯದು, ಕಾಡು ಇಲ್ಲಿಯದು. ಮಿಕ್ಕ ಸೀನುಗಳು ಇಂಗ್ಲೆಂಡಿನ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ. ಅಲ್ಲಿ ಬಿಳಿಯ ನಟರೇ ಮುಖಕ್ಕೆ ಕಂದು ಬಳಿದುಕೊಂಡು ಭಾರತೀಯರಾದರು. ವೆನಿಸ್‌ನಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಕಾಡಾನೆ ಅಟ್ಟಿ ಹಿಡಿಯುವ ಕಾಕನಕೋಟೆಯ ಖೆಡ್ಡಾಗಳಲ್ಲಿ ಹೆಜ್ಜೆ ಹಿಡಿದು ಆನೆ ಹುಡುಕುತ್ತಿದ್ದವರು ಆದಿವಾಸಿ ಕುರುಬರು. ತೆರೆ ಮೇಲೆ ಖೆಡ್ಡಾದ ಯಜಮಾನ ಪೀಟರ್ಸನ್ ಸಾಹೇಬ.

ಸಾಹೇಬ ಹೋದ, ನಮ್ಮವರು ಬಂದರು. 2022ರ 'ಆರ್‌ಆರ್‌ಆರ್' ನೋಡಿದ್ದೀರಲ್ಲ. ಹುಲಿ ನುಗ್ಗುವಾಗ ನಾನೂ ಸೀಟಿ ಹೊಡೆದೆ, ಸುಳ್ಳು ಹೇಳಲ್ಲ. ಗೊಂಡ ಆದಿವಾಸಿಗಳ ನಾಯಕ ಕೊಮರಂ ಭೀಮ್ ನಿಜದಲ್ಲಿ ಕಾಡು-ಭೂಮಿಗಾಗಿ ಸೆಣಸಿದ್ದು ಹೈದರಾಬಾದಿನ ನಿಜಾಮನ ಆಡಳಿತದ ಜೊತೆ. ಸತ್ತಿದ್ದು 1940ರಲ್ಲಿ. ಸಿನಿಮಾದ ಭೀಮ್‌ಗೆ ಕೊನೆಯಲ್ಲಿ ಏನು ಬೇಕು ಅಂತ ಕೇಳಿದರೆ ಅಕ್ಷರ ಕಲಿಸು ಎನ್ನುತ್ತಾನೆ. ಜಲ್, ಜಂಗಲ್, ಜಮೀನ್ ಎಂಬ ಘೋಷಣೆ ಉಳಿದಿರುವುದೇ ಭೀಮ್ ಹೆಸರಲ್ಲಿ. ಅದನ್ನೂ ಬಾವುಟದ ಮೇಲೆ ಗೆಳೆಯ ರಾಮನೇ ಬರೆದುಕೊಡಬೇಕು!

ಬ್ರಿಟಿಷ್ ವಿಲನ್ ಕ್ಲೈಮ್ಯಾಕ್ಸಿನಲ್ಲಿ ಸಾಯುತ್ತಾನೆ, ಅವನ ಫೈಲು ಸಾಯುವುದಿಲ್ಲ. 1878ರಲ್ಲಿ ಅವರು ಅರಣ್ಯ ಕಾಯ್ದೆ ತಂದು ಕಾಡಿಗೆ ಸರ್ಕಾರದ ಮುದ್ರೆ ಒತ್ತಿದರು. ಅವರು ಹೋದ ಮೇಲೂ ಕಾಡಿನಲ್ಲಿದ್ದವನೇ ಅತಿಕ್ರಮಣಕಾರ. ಇದನ್ನು ಯಾರೂ ಸಿನಿಮಾ ಮಾಡಲ್ಲ ಅಂತ ಬೈಯುವುದೂ ತಪ್ಪು ಬಿಡಿ. ಗೆಜೆಟ್ ನೋಟಿಫಿಕೇಶನ್ನಿಗೆ ಮೀಸೆ ಇಲ್ಲ, ಕುದುರೆ ಇಲ್ಲ. ಅದನ್ನು ಸ್ಲೋ ಮೋಷನ್ನಿನಲ್ಲಿ ಒದೆಯಲು ಆಗಲ್ಲ.

ಸಾಕು, ನಗು ಬರುತ್ತಿಲ್ಲ. ನಾಗರಹೊಳೆಯ ಹಾಡಿಗಳಿಂದ, ಅಂದರೆ ಕಾಡಿನ ಊರುಗಳಿಂದ, ಒಕ್ಕಲೆಬ್ಬಿಸಿದ ಆದಿವಾಸಿ ಕುಟುಂಬಗಳು 3,418 ಎಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಲೆಕ್ಕ ಕೊಟ್ಟಿತು. ಎಬ್ಬಿಸಿದವನು ಪೀಟರ್ಸನ್ ಅಲ್ಲ. ನಮ್ಮ ಸರ್ಕಾರ, ನಮ್ಮ ಕನ್ನಡದಲ್ಲೇ. ಅದೇ ಕಾಡಿನೊಳಗೆ 1990ರ ದಶಕದಲ್ಲಿ ರೆಸಾರ್ಟ್ ಏಳಲು ಹೊರಟಾಗ ಕೋರ್ಟಿಗೆ ಹೋಗಿ ನಿಲ್ಲಿಸಿದ್ದು ಇದೇ ಆದಿವಾಸಿಗಳು. "ಹೂಂಬಾ" ಅಂದು ನಿಲ್ಲಿಸಲಿಲ್ಲ, ರಿಟ್ ಅರ್ಜಿ ಹಾಕಿ ನಿಲ್ಲಿಸಿದರು. ಅವರ ಮೊಮ್ಮಕ್ಕಳು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಗಿದ್ದಾರೆ. ನಾವು ನಮ್ಮ ಮಕ್ಕಳ ಕೊರಳಿಗೆ ಮೂಳೆ ಕಟ್ಟಿ, ಮುಖಕ್ಕೆ ಮಸಿ ಬಳಿದು, ವಿಡಿಯೋ ಮಾಡುತ್ತೇವೆ. ನಾಚಿಕೆ ಆಗಬೇಕು. ಮೊದಲು ನನಗೆ, 350 ಕೊಟ್ಟವನು ನಾನೇ ಅಲ್ವಾ.

ಮರುದಿನ ಸೆಟ್ಟು ವಾಪಸ್ ಕೊಡಲು ಹೋದೆ. ಈಟಿಯ ತುದಿ ಮುರಿದಿತ್ತು. ಅಡ್ವಾನ್ಸಿನಲ್ಲಿ 100 ಹಿಡಿದುಕೊಂಡ.

"ಬೇಗ ತಂದ್ರಿ, ಒಳ್ಳೇದಾಯ್ತು. ಇಪ್ಪತ್ತು ಸೆಟ್ಟು ಕಬಿನಿ ಕಡೆ ಕಳಿಸ್ಬೇಕು. ಒಂದು ರೆಸಾರ್ಟ್‌ನೋರು ಕ್ಯಾಂಪ್‌ಫೈರ್ ಹತ್ರ ಡ್ಯಾನ್ಸ್ ಇಟ್ಟವ್ರೆ."

"ಯಾರು ಕುಣಿಯೋದು?"

"ಅಲ್ಲೇ ಹಾಡಿಯೋರು ಸಾರ್. ಪಾಪ, ಅವ್ರ ಹತ್ರ ಈ ಡ್ರೆಸ್ ಇಲ್ವಂತೆ."